ಗಂಗಾಮಣಿಯ ಡಚ್ ಪಾಠ

ಹೆಗ್ಗದ್ದೆ ಹತ್ತಿರದ ಹೋಂಸ್ಟೇಯಲ್ಲಿ ಗಂಗಾಮಣಿ ಹನ್ನೆರಡು ವರ್ಷದಿಂದ ಅಡುಗೆಗಿದ್ದಳು. ಡಿಸೆಂಬರಿನಲ್ಲಿ ನೆದರ್ಲೆಂಡ್ಸ್‌ನಿಂದ ಆರು ಜನ ಬರುತ್ತಾರೆಂದು ತಿಳಿದಾಗ, ಯಜಮಾನಿಯ ಮಗಳು, ಆ ದೇಶದಲ್ಲೇ ಓದಿ ಬಂದಿದ್ದ ಸೌಜನ್ಯಳನ್ನು ಅವಳೇ ಕೇಳಿದಳು.

"ಅಕ್ಕ, ಅವರ ಡಚ್ಚಲ್ಲಿ ನಾಕು ಮಾತು ಹೇಳ್ಕೊಡಿ. ಬಡಿಸೋವಾಗ ಮೂಗಿ ತರ ಎಷ್ಟೂಂತ ನಿಂತ್ಕಳದು."

ಸೌಜನ್ಯ ಮೊದಮೊದಲು ಸರಿಯಾಗಿಯೇ ಕಲಿಸಿದಳು. ಜಿ ಅಕ್ಷರ ಕಂಡರೆ 'ಗ' ಅನ್ನಬಾರದು, ಗಂಟಲು ಕೆರೆದು 'ಖ' ಅನ್ನಬೇಕು. 'ಇಕ್ ಬೆನ್' ಅಂದರೆ 'ನಾನು', 'ಯೈ ಬೆಂಟ್' ಅಂದರೆ 'ನೀನು'. 'ಖೇನ್' ಸೇರಿದರೆ 'ಅಲ್ಲ' ಎಂದು. ಗಂಗಾಮಣಿ ಒಲೆಯ ಮುಂದೆ ಗಂಟಲು ನೋಯುವಷ್ಟು ಹೇಳಿಕೊಂಡಳು. ಒಂದು ದಿನ ಕೇಳಿದಳು, "ಅಡುಗೆಯೋಳಿಗೆ ಏನಂತಾರೆ?"

ಸೌಜನ್ಯ ಅವಳ ಮುಖವನ್ನೇ ನೋಡಿದಳು. "ಏಜಲ್" ಎಂದಳು.

ಅತಿಥಿಗಳು ಬಂದ ಮರುದಿನ ತಿಂಡಿಗೆ ಕಡುಬು ಬಡಿಸಿ, ಗಂಗಾಮಣಿ ಎದೆಯ ಮೇಲೆ ಕೈಯಿಟ್ಟು, "ಇಕ್ ಬೆನ್ ಎನ್ ಏಜಲ್" ಎಂದಳು. ಇಬ್ಬರು ಕಿಸಕ್ಕನೆ ನಕ್ಕರು. ಸೌಜನ್ಯ ಮೊಬೈಲ್ ಹಿಡಿದು ವಿಡಿಯೋ ಮಾಡುತ್ತಿದ್ದಳು. ನೆರೆಗೂದಲಿನ ಹೆಂಗಸೊಬ್ಬಳು ಮಾತ್ರ ನಗಲಿಲ್ಲ. "ನೇ. ಯೈ ಬೆಂಟ್ ಖೇನ್ ಏಜಲ್" ಎಂದು ಬಿಡಿಸಿ ಬಿಡಿಸಿ ಹೇಳಿದಳು.

ಒಂದೊಂದು ಪದವೂ ಗಂಗಾಮಣಿಗೆ ಅರ್ಥವಾಯಿತು. ನೀನು ಅಡುಗೆಯವಳಲ್ಲ. ಕಡುಬು ಅಷ್ಟು ಕೆಟ್ಟಿತೇ ಎಂದುಕೊಂಡಳು. ತಟ್ಟೆ ತೋರಿಸಿ, ಇನ್ನೂ ಗಟ್ಟಿಯಾಗಿ, ತಾನೇ ಏಜಲ್ ಎಂದು ಸಾಧಿಸಿದಳು. ಈಗ ಮೇಜಿಗೆ ಮೇಜೇ ನಕ್ಕಿತು. ಆ ಹೆಂಗಸು ತನ್ನ ಮೊಬೈಲಿನಲ್ಲಿ ಏನೋ ಒತ್ತಿ ಅವಳತ್ತ ಹಿಡಿದಳು. ಮೊಬೈಲು ಕನ್ನಡದಲ್ಲಿ ಹೇಳಿತು: ಕತ್ತೆ.

ಗಂಗಾಮಣಿ ಉಳಿದವರಿಗೂ ಚಟ್ನಿ ಬಡಿಸಿಯೇ ಒಳಗೆ ಹೋದಳು.

ಯಜಮಾನಿ ಕಲ್ಯಾಣಮ್ಮ ಹಿಂದೆಯೇ ಬಂದರು. "ಹುಡುಗಿ ತಮಾಷೆಗೆ ಹೇಳ್ಕೊಟ್ಟೌಳೆ ಕಣೆ. ಶುಕ್ರವಾರ ಇನ್ನೊಂದು ತಂಡ ಬರ್ತೈತೆ, ಅವರ್ಗೂ ಹಂಗೇ ಅನ್ನು. ನಕ್ಕಂಡು ಉಣ್ತಾರೆ."

"ಅನ್ನಾಕಿಲ್ಲ ಅಮ್ಮಾವ್ರೆ."

"ಹಂಗಾರೆ ನಾಳೆಯಿಂದ ಕಾಫಿ ಹಣ್ಣು ಕೀಳಕ್ಕೆ ಹೋಗು. ಅಡುಗೆಗೆ ಬೇರೆಯೋರು ಸಿಗ್ತಾರೆ."

ಮಾರನೆಯ ಬೆಳಿಗ್ಗೆ ಗಂಗಾಮಣಿ ಸೊಂಟಕ್ಕೆ ಚೀಲ ಕಟ್ಟಿಕೊಂಡು ಕಾಫಿ ತೋಟಕ್ಕೆ ಹೊರಟಳು. ಜಗಲಿಯಿಂದ ಆ ನೆರೆಗೂದಲಿನ ಹೆಂಗಸು ಕೈಯೆತ್ತಿ, "ಖುಡೆಮೊರ್ಖೆನ್" ಎಂದಳು. ಬೆಳಗಿನ ನಮಸ್ಕಾರ ಎಂದು ಸೌಜನ್ಯ ಹೇಳಿಕೊಟ್ಟಿದ್ದ ಮಾತು; ಅದೂ ನಿಜವೋ ತಮಾಷೆಯೋ ಯಾರಿಗೆ ಗೊತ್ತು. ಗಂಗಾಮಣಿ ತಲೆ ತಗ್ಗಿಸಿ, ಬೇಗಬೇಗ ಗಿಡಗಳ ನಡುವೆ ನಡೆದುಬಿಟ್ಟಳು.