ನಾ ಡಾಕ್ಟರ್ ಅಲ್ಲರಿ

ರವಿವಾರ ಬೆಳಿಗ್ಗೆ ದಾಕ್ಷಾಯಿಣಿ ಪಡಸಾಲೆಯಲ್ಲಿ ಕುಳಿತು ಮೆದುಳಿನ ಚಿತ್ರಕ್ಕೆ ಬಣ್ಣ ತುಂಬುತ್ತಿದ್ದಳು. ಮರುದಿನ ರೆಕಾರ್ಡ್ ಪುಸ್ತಕ ಒಪ್ಪಿಸಬೇಕಿತ್ತು. ಧಾರವಾಡದ ಕಾಲೇಜೊಂದರಲ್ಲಿ ಅವಳು ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದಳು, ನರವಿಜ್ಞಾನ ಅವಳ ಮುಖ್ಯ ವಿಷಯ. ದಿನವೂ ಉಣಕಲ್ಲಿನ ಮನೆಯಿಂದ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು.

ತಂದೆ ಮುರುಗೆಪ್ಪ ಹತ್ತಿ ವ್ಯಾಪಾರಿ. ಮಾರುಕಟ್ಟೆಯಲ್ಲಿ ಯಾರು ಕೇಳಿದರೂ, “ಮಗಳು ಡಾಕ್ಟರ್ ಓದಾಕತ್ತಾಳ,” ಎಂದೇ ಹೇಳುತ್ತಿದ್ದ. ವೈದ್ಯಕೀಯ ಪ್ರವೇಶ ಪರೀಕ್ಷೆಯನ್ನು ಅವಳು ಎರಡು ಸಲ ಬರೆದಿದ್ದಳು, ಸೀಟು ಸಿಕ್ಕಿರಲಿಲ್ಲ. ಎರಡನೆಯ ಫಲಿತಾಂಶ ಬಂದ ದಿನ ಅವಳು ಅಳಲಿಲ್ಲ. ಆಮೇಲೂ ಅಳು ಬರಲಿಲ್ಲ, ನಗುವೂ ಬರಲಿಲ್ಲ. ಉಂಡದ್ದು ಹೊಟ್ಟೆಗೆ ಗೊತ್ತಾಗುತ್ತಿತ್ತು, ನಾಲಿಗೆಗೆ ಗೊತ್ತಾಗುತ್ತಿರಲಿಲ್ಲ. ಕಾಲೇಜಿನಲ್ಲಿ ಒಳ್ಳೆಯ ಅಂಕಗಳು ಬರುತ್ತಿದ್ದುದರಿಂದ ಮನೆಯಲ್ಲಿ ಯಾರೂ ಏನೂ ಕೇಳಲಿಲ್ಲ.

ಅಂದು ನವಲಗುಂದದಿಂದ ಸೋದರತ್ತೆ ಕಾಳವ್ವ, ಮಗಳು ರಜನಿಯನ್ನು ಕರೆದುಕೊಂಡು ಬಂದಳು. ಗಂಡ ತೀರಿಕೊಂಡ ಮೇಲೆ ಮಗಳ ಮದುವೆಯ ಮಾತುಕತೆಯೆಲ್ಲ ತಮ್ಮನ ಮನೆಯಲ್ಲೇ ನಡೆಯುತ್ತಿತ್ತು.

“ಬರೂ ರವಿವಾರ ಗಬ್ಬೂರಿನವರು ಕನ್ಯಾ ನೋಡಾಕ ಬರ್ತಾರ,” ಎಂದಳು ಕಾಳವ್ವ. “ಇಕಿ ಗುಳಿಗಿ ನಿನ್ನೆಯಿಂದ ಬಂದ್ ಮಾಡಸೇನಿ. ಮೂರು ವರ್ಷ ಆತು ಫಿಟ್ಸ್ ಬಂದಿಲ್ಲ. ಗುಳಿಗಿ ನುಂಗೂದು ಯಾರರ ನೋಡಿದ್ರ ಮುಗೀತು. ಅವರು ಏನರ ಕೇಳಿದ್ರ, ಒಂದೀಟು ಅಶಕ್ತಿ ಇತ್ತು, ಈಗ ಆರಾಮ ಅದಾಳ ಅಂತ ನೀ ಹೇಳಬೇಕು ನೋಡವಾ ದಾಕ್ಷಾಯಿಣಿ. ಡಾಕ್ಟರ್ ಮಾತಂದ್ರ ಮಂದಿ ಕೇಳ್ತಾರ.”

“ಗುಳಿಗಿ ಹಂಗ ಒಮ್ಮೆಲೆ ಬಿಡಬಾರದು ಅತ್ತಿ,” ಎಂದಳು ದಾಕ್ಷಾಯಿಣಿ. “ಫಿಟ್ಸ್ ಮತ್ತ ಬರ್ತಾವ.”

“ನಿನ್ನ ಪುಸ್ತಕದಾಗ ಬರದಿದ್ದು ಖರೇನ ಇರಬಹುದು. ಖರೇ ಹೇಳಿ ಎರಡು ಸಂಬಂಧ ಮುರಕೊಂಡೇನಿ. ನಾ ಕಣ್ಣ ಮುಚ್ಚಿದ ಮ್ಯಾಲ ಇಕಿನ್ನ ಯಾರು ನೋಡ್ತಾರ, ನಿನ್ನ ಪುಸ್ತಕ ನೋಡ್ತೈತೇನು?”

ಮುರುಗೆಪ್ಪ, “ಮದುವಿ ಒಂದು ಆಗಲಿ, ಆಮ್ಯಾಲ ಹೇಳಿದ್ರಾತು ಬಿಡು,” ಎಂದ. ರಜನಿ ತಲೆ ತಗ್ಗಿಸಿ ಕುಳಿತಿದ್ದಳು. ದಾಕ್ಷಾಯಿಣಿಗೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಇನ್ನೊಂದು ಮಾತೂ ಆಡದೆ ಬಣ್ಣದ ಪೆನ್ಸಿಲ್ ಕೈಗೆತ್ತಿಕೊಂಡಳು.

ತಾಯಿ, ಮಗಳು ಅಲ್ಲೇ ಉಳಿದರು. ಗುರುವಾರ ಸಂಜೆ ರಜನಿ ಅಡುಗೆಮನೆಯಲ್ಲಿ ಬಿದ್ದಳು. ಕೈಕಾಲು ಸೆಟೆದು, ಬಾಯಿಯಲ್ಲಿ ನೊರೆ ಬರುತ್ತಿತ್ತು. ಕೈಯಲ್ಲಿ ಹಿಡಿಸಲು ಕಾಳವ್ವ ಕೀಲಿಕೈ ಗೊಂಚಲು ತಂದಳು. ದಾಕ್ಷಾಯಿಣಿ ಅದನ್ನು ಪಕ್ಕಕ್ಕೆ ಸರಿಸಿ, ರಜನಿಯನ್ನು ಮಗ್ಗುಲಾಗಿ ಮಲಗಿಸಿದಳು. ತನ್ನ ವೇಲು ಮಡಚಿ ತಲೆಯ ಕೆಳಗಿಟ್ಟು ಗಡಿಯಾರ ನೋಡುತ್ತ ಕುಳಿತಳು. ಮೂರು ನಿಮಿಷಕ್ಕೆ ಮೈ ಸಡಿಲಾಯಿತು. ಕೆಳತುಟಿ ಒಡೆದಿತ್ತು.

ಕಾಳವ್ವ ಗೋಡೆಗೆ ಆತುಕೊಂಡು ಅಳುತ್ತಿದ್ದಳು. ದಾಕ್ಷಾಯಿಣಿ ನಲ್ಲಿಯ ಕೆಳಗೆ ಕೈ ತೊಳೆದುಕೊಂಡಳು. ಹೀಗಾಗುತ್ತದೆ ಎಂದು ರವಿವಾರವೇ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದಳು. ಅದನ್ನು ನೆನೆದಾಗಲೂ ಒಳಗೆ ಏನೂ ಅಲುಗಲಿಲ್ಲ. ಅವಳು ಬಹಳ ಹೊತ್ತು ನಲ್ಲಿ ನಿಲ್ಲಿಸದೆ ಹಾಗೇ ನಿಂತಿದ್ದಳು.

ಅಂದೇ ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರ್ ಗುಳಿಗೆಗಳನ್ನು ಮತ್ತೆ ಶುರುಮಾಡಿಸಿ, ಎರಡು ವಾರ ಬಿಟ್ಟು ಬರಲು ಹೇಳಿದರು. ಆದರೂ ಗಬ್ಬೂರಿನವರಿಗೆ ಬರಬೇಡಿ ಎಂದು ಹೇಳಲು ಕಾಳವ್ವನಿಗೆ ಮನಸ್ಸಾಗಲಿಲ್ಲ.

ರವಿವಾರ ಹುಡುಗ ಶಿವಯೋಗೀಶ ಮತ್ತು ಅವನ ತಾಯಿ ಬಾಳವ್ವ ಬಂದರು. ಶಿರಾ, ಚಹಾ ಆದವು. ಬಾಳವ್ವ ರಜನಿಯ ತುಟಿ ನೋಡಿ, “ಏನವಾ ಇದು ಗಾಯ?” ಎಂದು ಕೇಳಿದಳು.

“ಕಾಲು ಜಾರಿ ಬಿದ್ಲರಿ,” ಎಂದಳು ಕಾಳವ್ವ. “ಭಾಳೇನಿಲ್ಲ. ಮನ್ಯಾಗ ಡಾಕ್ಟರ್ ಅದಾಳ, ಬೇಕಾದ್ರ ಕೇಳ್ರಿ.”

ಎಲ್ಲರೂ ದಾಕ್ಷಾಯಿಣಿಯ ಕಡೆ ತಿರುಗಿದರು. ಮುರುಗೆಪ್ಪ ಕಣ್ಣಲ್ಲೇ ಹೇಳು ಎಂದ.

“ನಾ ಡಾಕ್ಟರ್ ಅಲ್ಲರಿ,” ಎಂದಳು ಅವಳು. “ಬಿ.ಎಸ್ಸಿ. ಓದಾಕತ್ತೇನಿ. ಎರಡು ಸಲ ಪರೀಕ್ಷಾ ಬರದೆ, ಸೀಟು ಸಿಗಲಿಲ್ಲ. ರಜನಕ್ಕನ ಮೈ ವಿಷಯ ಅಕಿನ್ನ ಕೇಳ್ರಿ. ನಾ ಹೇಳೂದಲ್ಲ ಅದು.”

ರಜನಿ ಸೆರಗು ಸರಿಮಾಡಿಕೊಂಡು ತಲೆಯೆತ್ತಿದಳು.

“ನನಗ ಫಿಟ್ಸ್ ಬರ್ತಾವರಿ. ಹದಿಮೂರು ವರ್ಷದಾಕಿ ಇದ್ದಾಗಿಂದ. ಗುಳಿಗಿ ತೊಗೊಂಡ್ರ ಬರಂಗಿಲ್ಲ. ನೀವು ಬರ್ತೀರಂತ ಬಿಟ್ಟಿದ್ದೆ, ಗುರುವಾರ ಬಿದ್ದೆ.”

ಬಾಳವ್ವ ತಟ್ಟೆ ಕೆಳಗಿಟ್ಟಳು. “ನೀ ಹೇಳಿದ್ದು ಛಲೋ ಆತವಾ,” ಎಂದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ. “ನಾವು ಮನ್ಯಾಗ ಮಾತಾಡಿ ತಿಳಸ್ತೀವಿ.” ಶಿವಯೋಗೀಶ ಏನೋ ಕೇಳಲು ಹೊರಟವನು ತಾಯಿ ಎದ್ದುದನ್ನು ನೋಡಿ ತಾನೂ ಎದ್ದ. ಬುಧವಾರ ಫೋನ್ ಬಂತು, ಸಂಬಂಧ ಬೇಡವೆಂದರು.

ಮುರುಗೆಪ್ಪ ಮಗಳೊಡನೆ ಮಾತು ಬಿಟ್ಟ. ಕಾಳವ್ವ ಮಾತ್ರ ಅಂದಿನಿಂದ ಬೆಳಿಗ್ಗೆ, ರಾತ್ರಿ ತಾನೇ ನೀರಿನ ಲೋಟ ತಂದು, ಮಗಳು ಗುಳಿಗೆ ನುಂಗುವ ತನಕ ಎದುರಿಗೇ ಕೂತಿರುತ್ತಿದ್ದಳು.

ಡಾಕ್ಟರ್ ಬರಹೇಳಿದ್ದ ದಿನ ಮುರುಗೆಪ್ಪನೇ ರಜನಿಯನ್ನು ಆಸ್ಪತ್ರೆಗೆ ಕರೆದೊಯ್ದ. ದಾಕ್ಷಾಯಿಣಿಯೂ ಜೊತೆಗೆ ಹೋದಳು. ಅಲ್ಲಿ ಮಾರುಕಟ್ಟೆಯ ಗೆಳೆಯ ಚನ್ನಯ್ಯ ಸೊಂಟನೋವು ತೋರಿಸಲು ಬಂದಿದ್ದ. “ಏನು ಮುರುಗೆಪ್ಪ, ಮಗಳು ಇದ ದವಾಖಾನ್ಯಾಗ ಕಲಿಯಾಕತ್ತಾಳೇನು?” ಎಂದ.

ಮುರುಗೆಪ್ಪ ಕೈಯಲ್ಲಿದ್ದ ರಜನಿಯ ಚೀಟಿ ತೋರಿಸಿದ. “ಇಲ್ಲೋ. ಅಕಿ ಧಾರವಾಡದಾಗ ಬಿ.ಎಸ್ಸಿ. ಓದಾಕತ್ತಾಳ. ನಮ್ಮ ಅಕ್ಕನ ಮಗಳಿಗೆ ಫಿಟ್ಸ್ ಐತಿ, ತೋರಸಾಕ ಬಂದೇವಿ.”

ದಾಕ್ಷಾಯಿಣಿ ತಂದೆಯ ಮುಖ ನೋಡಿದಳು.

“ಅಪ್ಪಾ, ನನ್ನ ಹೆಸರಿಗೂ ಒಂದು ಚೀಟಿ ಮಾಡ್ಸು. ಮನಸ್ಸಿನ ಡಾಕ್ಟರ್ ಇಲ್ಲೇ ಮ್ಯಾಲ ಅದಾರಂತ.”

“ಯಾಕ? ಏನಾಗೈತಿ?”

“ಎರಡು ವರ್ಷ ಆತು, ನನಗ ಏನೂ ಅನಸವಲ್ದು. ಅಳೂನೂ ಬರವಲ್ದು. ಇದು ಏನಂತ ಪರೀಕ್ಷಾದಾಗ ಬರದೇನಿ, ಅಂಕಾನೂ ಬಂದಾವ. ಮನ್ಯಾಗ ಹೇಳಾಕ ಆಗಲಿಲ್ಲ.”

ಚನ್ನಯ್ಯ ಪಕ್ಕದಲ್ಲೇ ನಿಂತಿದ್ದ. ಮುರುಗೆಪ್ಪ ಅವನತ್ತ ನೋಡಲಿಲ್ಲ. ಸೀದಾ ಚೀಟಿ ಕೊಡುವ ಕಿಟಕಿಗೆ ಹೋದ. ಯಾರಿಗೆ, ಏನು ತ್ರಾಸು ಎಂದು ಒಳಗಿದ್ದವಳು ಕೇಳಿದಳು.

“ನನ್ನ ಮಗಳಿಗೆರಿ. ದಾಕ್ಷಾಯಿಣಿ ಅಂತ ಬರ್ಕೊರಿ. ಮನಸ್ಸಿಗೆ ಆರಾಮಿಲ್ಲ,” ಎಂದ. ದನಿ ತಗ್ಗಿಸಲಿಲ್ಲ.

ದಾಕ್ಷಾಯಿಣಿಗೆ ಆಗಲೂ ಅಳು ಬರಲಿಲ್ಲ. ರಜನಿ ಪಕ್ಕದ ಕುರ್ಚಿಯ ಮೇಲಿದ್ದ ಕೈಚೀಲ ಎತ್ತಿಕೊಂಡು ಅವಳಿಗೆ ಜಾಗ ಮಾಡಿಕೊಟ್ಟಳು. ಇಬ್ಬರೂ ತಮ್ಮ ಹೆಸರು ಕರೆಯುವುದನ್ನು ಕಾಯುತ್ತ ಕುಳಿತರು.