ಅರ್ಧ ಗಡ್ಡದ ಸಂಸದ

ನನ್ನ ಕ್ಷೌರದಂಗಡಿಯ ಹೊಸ್ತಿಲನ್ನು ಹೆಂಗಸೊಬ್ಬರು ದಾಟಿದ್ದು ಅದೇ ಮೊದಲು. ವಸೀಲಾ ಟೀಚರು ನೇರ ಒಳಗೆ ಬಂದು ಬೆಂಚಿನ ಮೇಲೆ ಕೂತರು. ಕುರ್ಚಿಯಲ್ಲಿದ್ದವನು ನಮ್ಮೂರಿನ ಸಂಸದ ಲಸ್ಸಾದ್. ಅವನ ಒಂದು ಕೆನ್ನೆ ಬೋಳಿಸಿದ್ದೆ, ಇನ್ನೊಂದರ ತುಂಬ ನೊರೆ.

ಟೀಚರ ಮಗಳು ಓಲ್ಫಾ ಊರಿನ ರೇಡಿಯೋದಲ್ಲಿ ವರದಿಗಾರ್ತಿ. ಆಸ್ಪತ್ರೆಯಲ್ಲಿ ಡಯಾಲಿಸಿಸ್‌ಗೆ ಬಳಸುವ ನೀರು ಕೆಟ್ಟಿದೆ ಎಂದು ಹೇಳಿದ್ದಕ್ಕೆ, ಸುಳ್ಳು ಸುದ್ದಿ ಹಬ್ಬಿಸಿದಳೆಂದು ಜೈಲಿಗೆ ಹಾಕಿದ್ದರು. ಚಳಿಯಲ್ಲಿ ಹೋದವಳಿಗೆ, ಬೇಸಿಗೆ ಬಂದು ಬೀದಿಯಲ್ಲಿ ಮಲ್ಲಿಗೆ ಮಾರುವವರು ಕಾಣಿಸಿಕೊಂಡರೂ ಬಿಡುಗಡೆಯಿಲ್ಲ. ಟೀಚರು ಸಂಸದನ ಮನೆಗೆ ಹೋದರೆ ರಾಜಧಾನಿ ಟ್ಯೂನಿಸ್‌ನಲ್ಲಿದ್ದಾರೆ ಎನ್ನುತ್ತಿದ್ದರು. ಟ್ಯೂನಿಸ್‌ಗೆ ಹೋದರೆ ಊರಿಗೆ ಹೋಗಿದ್ದಾರೆ ಎನ್ನುತ್ತಿದ್ದರು.

"ಚಿಕ್ಕಮ್ಮಾ, ನೀವು ಇಲ್ಲಿ?" ಎಂದ ಲಸ್ಸಾದ್.

"ಇನ್ನೆಲ್ಲಿ ಸಿಗ್ತೀಯಪ್ಪಾ ನೀನು? ಇಲ್ಲಾದ್ರೆ ಅರ್ಧ ಗಡ್ಡ ಇಟ್ಕೊಂಡು ಓಡೋಕಾಗಲ್ಲ."

ನನಗೆ ನಗು ಬಂತು. ಕತ್ತಿ ಹಿಡಿದ ಕೈ ಹಿಂದಕ್ಕೆ ತೆಗೆದೆ.

"ಓಲ್ಫಾ ಬಗ್ಗೆ ನಂಗೂ ಸಂಕಟ ಇದೆ. ಆದ್ರೆ ಕೋರ್ಟಿನ ವಿಷಯಕ್ಕೆ ನಾನು ಕೈ ಹಾಕಂಗಿಲ್ಲ."

"ಕೋರ್ಟಿಗೆ ಕೈ ಹಾಕು ಅಂದ್ನಾ? ಕಾನೂನು ಮಾಡೋರು ನೀವು. ಸುದ್ದಿ ಹೇಳಿದೋರನ್ನ ಜೈಲಿಗೆ ತಳ್ಳೋ ಆ ಕಲಂ ತೆಗೀರಿ ಅಂತ ಎದ್ದು ನಿಂತು ಹೇಳು."

"ಹೇಳಿದ್ರೆ ಮುಂದಿನ ಚುನಾವಣೇಲಿ ನನ್ನ ಕಥೆ ಮುಗೀತು."

"ಮುಗೀಲಿ ಬಿಡು. ನಿನ್ನ ಟೈರ್ ಅಂಗಡಿ ಎಲ್ಲಿಗೂ ಹೋಗಲ್ಲ."

ಟೀಚರು ದನಿ ತಗ್ಗಿಸಿದರು.

"ಅವಳ ವರದಿ ಬಂದ ಮಾರನೇ ದಿನಾನೇ ಡಯಾಲಿಸಿಸ್‌ಗೆ ಅಂತ ನಿಮ್ಮಪ್ಪನ್ನ ಬೇರೆ ಊರಿನ ಆಸ್ಪತ್ರೆಗೆ ಸೇರಿಸ್ದೆ. ಒಳ್ಳೇದೇ ಮಾಡ್ದೆ. ಅಂದ್ರೆ ಅವಳ ಮಾತು ನಂಬಿದೀಯ ಲಸ್ಸಾದ್. ಅದನ್ನೇ ಹೊರಗಡೆ ಹೇಳು ಅಂತಿದೀನಿ."

ಅವನು ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಂಡು ಕೂತ. ಕೆನ್ನೆಯ ನೊರೆ ಒಣಗುತ್ತಿತ್ತು. ಟೀಚರು ಎದ್ದು ಹೋದ ಮೇಲೆ, "ಬೇಗ ಮುಗಿಸು ನೂರಿ" ಎಂದನಷ್ಟೇ. ಆಗಲಿಲ್ಲ ಈ ಕೆಲಸ ಎಂದುಕೊಂಡೆ.

ಮುಂದಿನ ವಾರ ಕಾಫಿ ಅಂಗಡಿಯ ಟಿವಿಯಲ್ಲಿ ಸಂಸತ್ತಿನ ಕಲಾಪ ಬರುತ್ತಿತ್ತು. ಇದ್ದಕ್ಕಿದ್ದಂತೆ ಲಸ್ಸಾದ್ ಎದ್ದು ನಿಂತ.

"ನಮ್ಮಪ್ಪ ಇವತ್ತು ಬದುಕಿದ್ದರೆ ಅದಕ್ಕೆ ಒಬ್ಬ ವರದಿಗಾರ್ತಿ ಕಾರಣ. ಅವಳು ಜೈಲಿನಲ್ಲಿದ್ದಾಳೆ. ನಾನು ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ."

ಹಲವರು ಕೂಗಾಡಿದರು. ಮೈಕು ನಿಂತಿತು. ಅವನು ಮೈಕಿಲ್ಲದೆಯೇ ಮಾತು ಮುಂದುವರಿಸಿದ. ಆಗ ಹಿಂದಿನ ಸಾಲಿನಿಂದ ಒಬ್ಬಳು ಸಂಸದೆ ಎದ್ದಳು, ಆಮೇಲೆ ಇನ್ನೂ ಕೆಲವರು. ಕಾಫಿ ಅಂಗಡಿಯಲ್ಲಿ ಇಸ್ಪೀಟು ಆಡುವವರೂ ಎಲೆ ಕೆಳಗಿಟ್ಟು ನೋಡುತ್ತಿದ್ದರು.

ಕಾನೂನು ಒಂದೇ ದಿನದಲ್ಲಿ ಬದಲಾಗಲಿಲ್ಲ. ಜಗಳ, ಸಮಿತಿ, ಮತ್ತೆ ಜಗಳ. ಟೀಚರು ಒಬ್ಬೊಬ್ಬ ಸಂಸದನ ಬಾಗಿಲಿಗೂ ಹೋದರು; ಈ ಸಲ ಲಸ್ಸಾದನೇ ಕಾರು ಓಡಿಸಿದ. ಕೊನೆಗೆ ಆ ಕಲಮಿನಲ್ಲಿ ದಂಡ ಉಳಿಯಿತು, ಜೈಲುಶಿಕ್ಷೆ ಹೋಯಿತು. ಮತ್ತೆ ಚಳಿ ಶುರುವಾಗಿ, ಆಲಿವ್ ಕೊಯ್ಲಿನ ಹೊತ್ತಿಗೆ ಓಲ್ಫಾ ಮನೆಗೆ ಬಂದಳು. ತೀರ ಸೊರಗಿದ್ದಳು, ಆದರೂ ಬಂದ ವಾರವೇ ರೇಡಿಯೋಗೆ ಹೋದಳು.

ರಂಜಾನಿನ ಒಂದು ಮಧ್ಯಾಹ್ನ ಲಸ್ಸಾದನ ಮನೆಯಲ್ಲಿ ಅವನ ಅಪ್ಪನ ಕೂದಲು ಕತ್ತರಿಸುತ್ತಿದ್ದೆ. ಟೀಚರು, ಓಲ್ಫಾ ಇಬ್ಬರೂ ಬಂದರು.

"ಮತ್ತೇನು ಚಿಕ್ಕಮ್ಮಾ? ಮಗಳು ಬಂದ್ಲಲ್ಲ!" ಎಂದ ಲಸ್ಸಾದ್.

ಓಲ್ಫಾ ಹೇಳಿದಳು: "ಅಣ್ಣಾ, ಬೇರೆ ದೇಶದಲ್ಲಿ ಒಬ್ಬ ಫೋಟೋಗ್ರಾಫರ್‌ನ ವಿಚಾರಣೆ ಇಲ್ದೇ ಕೂಡಿಹಾಕಿದಾರೆ. ಆ ದೇಶದ ಸಂಸದರು ಮುಂದಿನ ತಿಂಗಳು ಟ್ಯೂನಿಸ್‌ಗೆ ಬರ್ತಾರೆ. ಅವರ ಮುಂದೆ ನೀವು ಅವನ ಮಾತು ಎತ್ತಬೇಕು."

"ನನ್ನ ಮಾತು ಆ ದೇಶದಲ್ಲಿ ಯಾರಮ್ಮಾ ಕೇಳ್ತಾರೆ?"

"ನಾನು ಒಳಗಿದ್ದಾಗ ಯಾವ್ಯಾವುದೋ ದೇಶದ ಸಂಸದರು ನನ್ನ ಹೆಸರೆತ್ತಿದ್ರಂತೆ. ಒಂದಿನ ಜೈಲಿನ ದೊಡ್ಡ ಅಧಿಕಾರಿಣಿ ಬಂದು, 'ಯಾರೇ ನೀನು?' ಅಂತ ಕೇಳಿದ್ಲು. ಅವತ್ತೇ ನನ್ನನ್ನ ಕಿಟಕಿ ಇರೋ ಕೋಣೆಗೆ ಹಾಕಿದ್ರು."

ಲಸ್ಸಾದ್ ಅಪ್ಪನ ಕಡೆ ನೋಡಿದ. ಮುದುಕ, "ನನ್ನನ್ನೇನು ನೋಡ್ತೀಯ, ಅವಳನ್ನ ಕೇಳು" ಎಂದ.

"ಅವನ ಹೆಸರೇನಮ್ಮಾ?"

ಓಲ್ಫಾ ಹೇಳಿದಳು. ಉದ್ದದ, ನಾಲಿಗೆಗೆ ಸಿಗದ ಹೆಸರು. ಲಸ್ಸಾದ್ ಹೇಳಲು ಹೋಗಿ ಎಡವಿದ. ಟೀಚರು ಪಾಠ ಹೇಳಿಕೊಡುವವರಂತೆ ಅವನ ಎದುರು ಕೂತರು.

"ನಿಧಾನ. ಇನ್ನೊಂದು ಸಲ ಹೇಳು ನೋಡೋಣ."