ಸೊಸೆ ಇಳಿಸಿದ ಶ್ರುತಿ

ಹಾಸಿಗೆ ಹಿಡಿದಿದ್ದ ಅಕ್ಕ ನಮ್ಮಮ್ಮನ ಜೋಗುಳ ಕೇಳಬೇಕೆಂದು ಆಸೆಪಟ್ಟಿದ್ದಳು. ಅವಳ ಊರಿಗೆ ಅಷ್ಟು ದೂರದ ಪ್ರಯಾಣಕ್ಕೆ ನನ್ನ ಮಂಡಿ ಒಪ್ಪದು. ಫೋನಿನಲ್ಲೇ ರೆಕಾರ್ಡ್ ಮಾಡಿ ಕಳಿಸೋಣವೆಂದು ಸೊಸೆ ಕೋಣೆಯ ಗೋಡೆಗೆಲ್ಲ ರಜಾಯಿ ತೂಗುಹಾಕಿದಳು. ಹಾಗೆ ಮಾಡಿದರೆ ದನಿ ಗೋಡೆಗೆ ಬಡಿದು ಗುಂಯ್‌ಗುಡುವುದಿಲ್ಲವಂತೆ. ಉಸಿರಿನ ಸದ್ದು ಬೀಳದಿರಲೆಂದು ಫೋನನ್ನು ಬಾಯಿಂದ ಗೇಣು ದೂರದಲ್ಲಿ, ತುಸು ಓರೆಯಾಗಿ ಇಟ್ಟಳು.

ಹಾಡಿದೆ. ಮೇಲಿನ ಸ್ವರಕ್ಕೆ ಹೋದಾಗಲೆಲ್ಲ ಗಂಟಲು ಕೈಕೊಟ್ಟಿತು.

“ಶ್ರುತಿ ಇಳಿಸೋಣ ಅತ್ತೆ.”

“ಬೇಡಮ್ಮ, ಆಮೇಲೆ ಅದು ನಮ್ಮಮ್ಮನ ಹಾಡು ಅನ್ನಿಸಲ್ಲ.”

“ಏಣೀನ ಅಟ್ಟದಿಂದ ಕೆಳಗಿಳಿಸಿದ್ರೆ ಮೆಟ್ಟಿಲುಗಳ ಅಂತರ ಕಮ್ಮಿ ಆಗತ್ತಾ? ಸ್ವರಾನೂ ಅಷ್ಟೇ. ಹಾಡಿ ನೀವು.”

ಅವಳು ಶ್ರುತಿಪೆಟ್ಟಿಗೆಯನ್ನು ತಗ್ಗಿಸಿದಳು. ಈ ಸಲ ಹಾಡು ಕೊನೆಯವರೆಗೂ ಸಲೀಸಾಗಿ ಬಂತು.

ಸಂಜೆ ಅಕ್ಕ ಫೋನ್ ಮಾಡಿ ಅತ್ತಳು. “ಥೇಟ್ ಅಮ್ಮನೇ ಕಣೆ! ಮಗೂಗೆ ಎಚ್ಚರ ಆಗಬಾರದು ಅಂತ ಅವಳು ಹೀಗೇ ತಗ್ಗಿಸಿ ಹಾಡ್ತಿದ್ದಳು. ನೀನು ಹಾಡಕ್ಕೆ ಶುರು ಮಾಡಿದ್ರೆ ಮಲಗಿದ್ದ ತಮ್ಮ ಎದ್ದು ಕೂರ್ತಿದ್ದ!”

ಇಷ್ಟು ವರ್ಷ ನನ್ನ ಕೂಗನ್ನೇ ಅಮ್ಮನ ಶ್ರುತಿ ಎಂದುಕೊಂಡಿದ್ದೆ. ಸೊಸೆಯ ಕೈ ಹಿಡಿದುಕೊಂಡೆ.

“ಈ ಮನೇಲಿ ನನ್ನ ಶ್ರುತಿ ಇಳಿಸೋ ಧೈರ್ಯ ಮಾಡಿದೋಳು ನೀನೊಬ್ಬಳೇ. ನಿನ್ನಿಂದ ಅಮ್ಮ ವಾಪಸ್ ಸಿಕ್ಕಳು. ನಿನ್ನ ಹೊಟ್ಟೆ ತಣ್ಣಗಿರಲಿ ತಾಯಿ.”